ಶಹಾಬಜಾರದ ಮನೆವಾರ್ತೆ ಮತ್ತು ಎರಡು ರೂಪಾಯಿಗಳು

ಕಲಬುರಗಿಯ ಶಹಾಬಜಾರದ ಗೃಹಸ್ಥನೊಬ್ಬನ ಹಳೆಯ ಜಮಾಖರ್ಚಿನ ವಹಿಯನ್ನು ತೆರೆದೆವಾದರೆ, ನಾವು ಮೊದಲು ಕೇಳಬೇಕಾದುದು ‘ಎಷ್ಟು ರೂಪಾಯಿ?’ ಎಂದಲ್ಲ, ‘ಯಾವ ರೂಪಾಯಿ?’ ಎಂದು. ನಿಜಾಮ ಸಂಸ್ಥಾನದಲ್ಲಿ ಹಾಲಿ ಸಿಕ್ಕಾ ನಡೆಯುತ್ತಿದ್ದಿತು. ಅದರ 7 ರೂಪಾಯಿಗಳು ಬ್ರಿಟಿಷ್ ಇಂಡಿಯಾದ 6 ಕಲ್ದಾರ ರೂಪಾಯಿಗಳಿಗೆ ಸುಮಾರಾಗಿ ಸಮ. ಜೋಳ, ತೊಗರಿ ಈ ನೆಲದ ಬೆಳೆಗಳು. ಗಡಿಯಾಚೆಯ ಬಟ್ಟೆಗಾದರೋ ಕಲ್ದಾರದ ಲೆಕ್ಕವನ್ನೂ ಕಟ್ಟಬೇಕಾಗಿದ್ದಿತು.

ಕುಟುಂಬವು ಬಡವಾದಷ್ಟೂ ಅದರ ವೆಚ್ಚದಲ್ಲಿ ಆಹಾರದ ಪಾಲು ಹೆಚ್ಚುವುದೆಂದು ಜರ್ಮನ್ ಪಂಡಿತ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿ ತೋರಿಸಿಕೊಟ್ಟನು. ಜೋಳವನ್ನು ಬಿಟ್ಟು ಬದುಕುವಂತಿಲ್ಲ. ಆದುದರಿಂದ ಕೈ ಬಿಗಿಹಿಡಿಯುವುದು ಬಟ್ಟೆಯ ವಿಷಯದಲ್ಲಿಯೇ.

1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. ಕೆಲವು ವರ್ಷಗಳಲ್ಲಿ ಆ ನಾಣ್ಯವೂ ಮರೆಯಾಯಿತು. ವಹಿಯ ಅಂಕಿಗಳನ್ನಷ್ಟೇ ಓದಿದೆವಾದರೆ, ಹೊಸ ಸೀರೆಯನ್ನು ಮುಂದಿನ ಹಬ್ಬಕ್ಕೆ ನೂಕಿದ ಗೃಹಿಣಿಯ ವಿವೇಕವನ್ನು ನಾವು ಜಿಪುಣತನವೆಂದು ತಿಳಿದೇವು.