ಹಿಂಬದಿಯ ಎಂಜಿನ್ನಿನ ಮೇಲಣ ಆರೋಪ: ಆಟೋ ಯೂನಿಯನ್ ಪಂದ್ಯದ ಕಾರುಗಳು, ೧೯೩೪–೧೯೩೯

ಯಂತ್ರಶಿಲ್ಪದ ಇತಿಹಾಸವನ್ನು ಅಭ್ಯಾಸಮಾಡುವವರು ಎರಡು ಬಗೆಯ ಪ್ರಶ್ನೆಗಳನ್ನು ಎದುರಿಸಬೇಕಾಗುತ್ತದೆ. ಯಂತ್ರವು ಹೇಗೆ ನಡೆಯಿತು ಎಂಬುದು ಮೊದಲನೆಯದು. ಅದು ಹಾಗೆ ನಡೆದುದಕ್ಕೆ ಆ ಕಾಲದವರು ಯಾವ ಕಾರಣವನ್ನು ಊಹಿಸಿದರು, ಆ ಊಹೆ ಸರಿಯೆ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯೇ ಹೆಚ್ಚು ಕಠಿನವಾದುದು. ಜರ್ಮನಿಯ ಆಟೋ ಯೂನಿಯನ್ ಸಂಸ್ಥೆಯು ೧೯೩೪ರಿಂದ ೧೯೩೯ರವರೆಗೆ ಪಂದ್ಯಗಳಿಗೆ ಇಳಿಸಿದ ಕಾರುಗಳು ಇದಕ್ಕೆ ಒಳ್ಳೆಯ ನಿದರ್ಶನ. ಇವುಗಳಲ್ಲಿ ಎಂಜಿನ್ನು ಚಾಲಕನ ಬೆನ್ನ ಹಿಂದೆ ಇದ್ದಿತು. ತಿರುವುಗಳಲ್ಲಿ ಹಿಡಿತಕ್ಕೆ ಸಿಕ್ಕದ ಕಾರುಗಳೆಂದು ಇವು ಹೆಸರಾದವು. ಆ ಅಪಖ್ಯಾತಿ ಎಂಜಿನ್ನಿನ ಸ್ಥಾನಕ್ಕೇ ಅಂಟಿಕೊಂಡಿತು. ಈ ಆರೋಪವು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಪಂದ್ಯದ ನಿಯಮವನ್ನು ತಿಳಿಯಬೇಕು. ೧೯೩೨ರಲ್ಲಿ ಅಂತರರಾಷ್ಟ್ರೀಯ ಮೋಟಾರು ಸಂಘವು ೧೯೩೪ರಿಂದ ಜಾರಿಗೆ ಬರತಕ್ಕ ಹೊಸ ಸೂತ್ರವೊಂದನ್ನು ಪ್ರಕಟಿಸಿತು. ಚಾಲಕ, ಇಂಧನ, ಎಣ್ಣೆ, ನೀರು, ಟೈರುಗಳನ್ನು ಬಿಟ್ಟು ಕಾರಿನ ತೂಕವು ೭೫೦ ಕಿಲೋಗ್ರಾಮನ್ನು ಮೀರಕೂಡದು ಎಂಬುದು ಅದರ ಸಾರ. ತೂಕ ಕಡಮೆಯಾದರೆ ಎಂಜಿನ್ನು ಚಿಕ್ಕದಾಗುವುದು, ಎಂಜಿನ್ನು ಚಿಕ್ಕದಾದರೆ ವೇಗ ತಗ್ಗುವುದು ಎಂದು ನಿಯಮಕಾರರು ಎಣಿಸಿದರು. ಎಂಜಿನ್ನಿನ ಗಾತ್ರಕ್ಕೆ ಮಾತ್ರ ಅವರು ಮಿತಿಯನ್ನು ಹಾಕಲಿಲ್ಲ. ಹಗುರವಾದ ಲೋಹಗಳಿಂದ ಭಾರಿ ಎಂಜಿನ್ನನ್ನು ಕಟ್ಟಬಹುದೆಂಬುದನ್ನು ಅವರು ಊಹಿಸಿರಲಿಲ್ಲ. ಫಲವಾಗಿ ವೇಗವು ತಗ್ಗುವ ಬದಲು ಹಿಂದೆಂದೂ ಕಾಣದಷ್ಟು ಏರಿತು.

ಈ ಸೂತ್ರಕ್ಕೆ ಒಪ್ಪುವ ಕಾರಿನ ಕಲ್ಪನೆಯನ್ನು ೧೯೩೨ರಲ್ಲಿಯೇ ಸಿದ್ಧಪಡಿಸಿದವನು ಫರ್ಡಿನಂಡ್ ಪೋರ್ಷೆ. ೧೯೩೧ರಲ್ಲಿ ಷ್ಟುಟ್‌ಗಾರ್ಟ್ ನಗರದಲ್ಲಿ ಅವನು ಸ್ಥಾಪಿಸಿದ ವಿನ್ಯಾಸ ಕಚೇರಿಯಲ್ಲಿ ಅಡಾಲ್ಫ್ ರೋಸೆನ್‌ಬರ್ಗರ್ ಎಂಬ ಯೆಹೂದಿಯು ಪಾಲುದಾರನಾಗಿದ್ದನು; ಹಣಕಾಸಿನ ಹೊಣೆ ಅವನದಾಗಿತ್ತು. ಈತನು ಸ್ವತಃ ಪಂದ್ಯದ ಚಾಲಕ. ೧೯೨೩ರ ಬೆಂಜ್ ಕಾರು, ಎಂದರೆ ನೀರಹನಿಯ ಆಕಾರದ, ಎಂಜಿನ್ನು ಹಿಂದಿದ್ದ ಕಾರು, ಇವನಿಗೆ ಕೈಯಾರೆ ಓಡಿಸಿ ಪರಿಚಯವಾದುದಾಗಿತ್ತು. ಆ ಕಾರಿನಲ್ಲಿ ಎರಡು ಹೊಸತನಗಳಿದ್ದವು: ಹಿಂಬದಿಯ ಎಂಜಿನ್ನು ಒಂದು, ಹಿಂಚಕ್ರಗಳ ತೂಗು ಅಚ್ಚು ಇನ್ನೊಂದು. ಪೋರ್ಷೆಯ ವಿನ್ಯಾಸದಲ್ಲಿಯೂ ಇವೆರಡೂ ಜೊತೆಯಾಗಿಯೇ ಬಂದವು. ಮುಂದಿನ ಗೊಂದಲಕ್ಕೆ ಬೀಜವು ಇಲ್ಲಿಯೇ ಬಿದ್ದಿತೆನ್ನಬಹುದು.

ಆಡಿ, ಡಿಕೆಡಬ್ಲ್ಯು, ಹೋರ್ಖ್, ವಾಂಡರರ್ ಎಂಬ ನಾಲ್ಕು ಸಂಸ್ಥೆಗಳು ಕೂಡಿ ೧೯೩೨ರಲ್ಲಿ ಆಟೋ ಯೂನಿಯನ್ ಆಗಿದ್ದವು. ಈ ಸಂಸ್ಥೆಯು ೧೯೩೩ರಲ್ಲಿ ಪೋರ್ಷೆಯ ವಿನ್ಯಾಸವನ್ನು ಕೈಗೊಂಡಿತು. ತ್ಸ್ವಿಕಾವ್ ಪಟ್ಟಣದ ಹೋರ್ಖ್ ಕಾರ್ಖಾನೆಯಲ್ಲಿ ಕಾರುಗಳು ನಿರ್ಮಾಣವಾದವು. ಅದೇ ವರ್ಷ ಅಧಿಕಾರಕ್ಕೆ ಬಂದಿದ್ದ ಹಿಟ್ಲರನ ಸರ್ಕಾರವು ಪಂದ್ಯದ ಕಾರುಗಳಿಗೆ ಧನಸಹಾಯವನ್ನು ಘೋಷಿಸಿ, ಅದನ್ನು ಡೈಮ್ಲರ್-ಬೆಂಜ್ ಮತ್ತು ಆಟೋ ಯೂನಿಯನ್‌ಗಳಿಗೆ ಹಂಚಿತು. ಆ ಹಣವು ಖರ್ಚಿನ ಒಂದು ಭಾಗಕ್ಕೆ ಮಾತ್ರ ಸಾಲುತ್ತಿತ್ತು; ಆದರೆ ಗೆಲವಿನ ಕೀರ್ತಿಯನ್ನು ಆಡಳಿತವು ಪೂರ್ತಿಯಾಗಿ ತನ್ನದೆಂದು ಸಾರಿಕೊಂಡಿತು. ಕಾರಿನ ಕಲ್ಪನೆಯು ಆ ಆಡಳಿತಕ್ಕಿಂತ ಹಿಂದಿನದೆಂಬುದನ್ನು ಇಲ್ಲಿ ನೆನಪಿಡಬೇಕು.

ಕಾರಿನ ರಚನೆಯನ್ನು ಸಂಗ್ರಹವಾಗಿ ಹೀಗೆ ವಿವರಿಸಬಹುದು. ಮುಂದೆ ನೀರು ತಣಿಸುವ ರೇಡಿಯೇಟರು, ಅದರ ಹಿಂದೆ ಚಾಲಕ, ಅವನ ಬೆನ್ನಿಗೆ ಇಂಧನದ ತೊಟ್ಟಿ, ಅದರ ಹಿಂದೆ ೪೫ ಅಂಶದ ಕೋನದಲ್ಲಿ ಎರಡು ಸಾಲಾಗಿ ಜೋಡಿಸಿದ ೧೬ ಸಿಲಿಂಡರುಗಳ ಎಂಜಿನ್ನು, ಕೊನೆಯಲ್ಲಿ ಗೇರುಪೆಟ್ಟಿಗೆ. ಒಂದೇ ಕ್ಯಾಮ್ ದಂಡವು ೩೨ ಕವಾಟಗಳನ್ನೂ ನಡೆಸುತ್ತಿತ್ತು. ತೊಟ್ಟಿಯು ಕಾರಿನ ನಡುವೆ ಇದ್ದುದರಿಂದ ಇಂಧನವು ತೀರುತ್ತ ಬಂದರೂ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲಿನ ಭಾರದ ಪ್ರಮಾಣವು ಹೆಚ್ಚಾಗಿ ಬದಲಾಗುತ್ತಿರಲಿಲ್ಲ. ೧೯೩೪ರ ‘ಎ’ ಮಾದರಿಯ ಎಂಜಿನ್ನು ೪.೪ ಲೀಟರಿನದು, ಬಲ ೨೯೫ ಅಶ್ವಶಕ್ತಿ. ೧೯೩೬ರ ‘ಸಿ’ ಮಾದರಿಯಲ್ಲಿ ಇವು ೬ ಲೀಟರಿಗೂ ೫೨೦ ಅಶ್ವಶಕ್ತಿಗೂ ಏರಿದವು. ಅಗಲ ಕಿರಿದಾದ ಆ ಕಾಲದ ಟೈರುಗಳು ಇಷ್ಟು ಬಲವನ್ನು ನೆಲಕ್ಕೆ ಇಳಿಸಲಾರದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಪಂದ್ಯಗಳಲ್ಲಿ ಈ ಕಾರುಗಳ ಸಾಧನೆ ಸಣ್ಣದಲ್ಲ. ೧೯೩೪ರಲ್ಲಿ ಹಾನ್ಸ್ ಷ್ಟುಕ್ ಎಂಬವನು ಜರ್ಮನಿ, ಸ್ವಿಟ್ಜರ್ಲೆಂಡ್, ಚೆಕೊಸ್ಲೊವಾಕಿಯ ದೇಶಗಳ ಮಹಾಪಂದ್ಯಗಳನ್ನು ಗೆದ್ದನು. ೧೯೩೬ರಲ್ಲಿ ಬರ್ನ್ಡ್ ರೋಸೆಮೈಯರ್ ಯೂರೋಪಿನ ಚಾಂಪಿಯನ್ ಆದನು. ಇವನು ಮೋಟಾರು ಸೈಕಲ್ ಪಂದ್ಯಗಳಿಂದ ಬಂದವನು. ಇದಕ್ಕೆ ಮೊದಲು ಬೇರೆ ಯಾವ ಮಹಾಪಂದ್ಯದ ಕಾರನ್ನೂ ಓಡಿಸಿದವನಲ್ಲ. ಹಳೆಯ ಅಭ್ಯಾಸವನ್ನು ಮರೆಯಬೇಕಾದ ತೊಡಕು ಇವನಿಗಿರಲಿಲ್ಲ. ಆದುದರಿಂದಲೇ ಇವನಿಗೆ ಕಾರು ಒಲಿಯಿತೆಂದು ಹೇಳುವುದು ವಾಡಿಕೆಯಾಯಿತು; ಉಳಿದವರಿಗೆ ಒಲಿಯದುದಕ್ಕೆ ಹಿಂಬದಿಯ ಎಂಜಿನ್ನೇ ಕಾರಣವೆಂಬ ನಂಬಿಕೆಯೂ ಬಲವಾಯಿತು.

ಈಗ ದೋಷದ ಪರೀಕ್ಷೆಗೆ ಬರೋಣ. ತೂಗು ಅಚ್ಚಿನಲ್ಲಿ ಪ್ರತಿಯೊಂದು ಹಿಂಚಕ್ರವೂ ನಡುವಿನ ಒಂದು ಕೀಲಿನಿಂದ ತೂಗುತ್ತದೆ. ಚಕ್ರವು ಮೇಲೆ ಕೆಳಗೆ ಆಡಿದಂತೆಲ್ಲ ನೆಲದೊಡನೆ ಅದರ ವಾಲುವಿಕೆಯೂ ಬದಲಾಗುತ್ತದೆ. ಕಾರು ವೇಗದಿಂದ ತಿರುಗುವಾಗ ಹೊರಗಡೆಯ ಚಕ್ರದ ಮೇಲೆ ಬೀಳುವ ಒತ್ತಡವು ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಆಗ ಆ ಚಕ್ರವು ಒಳಕ್ಕೆ ಮಡಚಿಕೊಂಡು ಹಿಡಿತವನ್ನು ಕಳೆದುಕೊಳ್ಳುತ್ತದೆ. ಹಿಂಭಾಗವು ಥಟ್ಟನೆ ಹೊರಕ್ಕೆ ಜಾರುತ್ತದೆ. ಎಂಜಿನ್ನಿನ ಭಾರವು ಹಿಂದಿದ್ದರೆ ಈ ಜಾರುವಿಕೆ ಹೆಚ್ಚುವುದು ನಿಜ. ಚಾಲಕನು ಬಹಳ ಮುಂದೆ ಕುಳಿತಿದ್ದುದರಿಂದ ಅದು ಅವನ ಅರಿವಿಗೆ ತಡವಾಗಿ ಬರುತ್ತಿದ್ದಿರಬಹುದು. ಆದರೆ ಮೂಲಕಾರಣವು ಎಂಜಿನ್ನಿನ ಸ್ಥಾನವೋ, ಅಚ್ಚಿನ ರಚನೆಯೋ?

ಇದನ್ನು ನಿರ್ಣಯಿಸಲು ಇತಿಹಾಸವೇ ಎರಡು ಪ್ರಯೋಗಗಳನ್ನು ಒದಗಿಸಿದೆ. ಮೊದಲನೆಯದು ಎದುರಾಳಿಗಳದು. ಮರ್ಸಿಡಿಸ್-ಬೆಂಜ್ ಕಾರಿನ ಎಂಜಿನ್ನು ಮುಂದಿದ್ದಿತು. ಹಿಂದೆ ಅದಕ್ಕೂ ತೂಗು ಅಚ್ಚೇ. ೧೯೩೬ರಲ್ಲಿ ಅದು ಹಿಡಿತಕ್ಕೆ ಸಿಕ್ಕದೆ ಸೋಲುತ್ತ ಹೋಯಿತು. ತರುಣ ಎಂಜಿನಿಯರು ರೂಡಾಲ್ಫ್ ಊಲೆನ್‌ಹೌಟ್ ತಾನೇ ಕಾರನ್ನು ಓಡಿಸಿ ಪರೀಕ್ಷಿಸಿ, ೧೯೩೭ರ ಹೊಸ ಕಾರಿಗೆ ಗಟ್ಟಿಯಾದ ಚೌಕಟ್ಟನ್ನೂ ಮೆತುವಾದ ಸ್ಪ್ರಿಂಗುಗಳನ್ನೂ, ಎರಡು ಚಕ್ರಗಳನ್ನೂ ನೆಟ್ಟಗೆ ಹಿಡಿಯುವ ದ ದಿಯೋನ್ ಅಚ್ಚನ್ನೂ ಅಳವಡಿಸಿದನು. ಎಂಜಿನ್ನಿನ ಬಲವು ಹೆಚ್ಚಿದ್ದರೂ ಕಾರು ಹತೋಟಿಗೆ ಬಂದಿತು; ಅದೇ ವರ್ಷ ರೂಡಾಲ್ಫ್ ಕರಾಚಿಯೋಲ ಚಾಂಪಿಯನ್ ಪದವಿಯನ್ನು ಪಡೆದನು.

ಎರಡನೆಯ ಪ್ರಯೋಗವು ಆಟೋ ಯೂನಿಯನ್‌ನದೇ. ೧೯೩೮ರ ಹೊಸ ಸೂತ್ರವು ಸೂಪರ್‌ಚಾರ್ಜರ್ ಉಳ್ಳ ಎಂಜಿನ್ನುಗಳಿಗೆ ೩ ಲೀಟರಿನ ಮಿತಿಯನ್ನು ವಿಧಿಸಿತು. ಪೋರ್ಷೆಯ ಸಂಬಂಧವು ಆ ವೇಳೆಗೆ ಮುಗಿದಿದ್ದುದರಿಂದ ಎಬೆರಾನ್ ಫಾನ್ ಎಬೆರ್‌ಹೋರ್ಸ್ಟ್ ೧೨ ಸಿಲಿಂಡರುಗಳ ‘ಡಿ’ ಮಾದರಿಯನ್ನು ರೂಪಿಸಿದನು. ತೊಟ್ಟಿಗಳು ಪಕ್ಕಗಳಿಗೆ ಸರಿದವು, ಚಾಲಕನು ಹಿಂದಕ್ಕೆ ಬಂದನು, ತೂಗು ಅಚ್ಚಿನ ಬದಲು ದ ದಿಯೋನ್ ಅಚ್ಚು ಬಂದಿತು. ಎಂಜಿನ್ನು ಮಾತ್ರ ಹಿಂದೆಯೇ ಉಳಿಯಿತು. ಮುಂದಿನ ಎಂಜಿನ್ನಿನ ಕಾರುಗಳಲ್ಲೇ ಪಳಗಿದ್ದ ಇಟಲಿಯ ತಾಜಿಯೋ ನುವೊಲಾರಿ ತನ್ನ ೪೫ನೆಯ ವಯಸ್ಸಿನಲ್ಲಿ ಈ ಕಾರನ್ನು ಹಿಡಿದು, ಅದೇ ವರ್ಷ ಮೊಂಜಾ ಮತ್ತು ಡಾನಿಂಗ್ಟನ್‌ಗಳಲ್ಲಿ ಗೆದ್ದನು. ‘ಡಿ’ ಮಾದರಿಯಲ್ಲಿ ಬಲವೂ ತಗ್ಗಿದ್ದಿತು, ಆದುದರಿಂದ ಈ ನಿದರ್ಶನವೊಂದೇ ಸಾಲದು ಎಂದು ಆಕ್ಷೇಪಿಸಬಹುದು. ಆದರೆ ಬಲವು ಏರಿದ ಮರ್ಸಿಡಿಸ್‌ನ ನಿದರ್ಶನವನ್ನು ಇದರೊಡನೆ ಇಟ್ಟು ನೋಡಿದರೆ ಆಕ್ಷೇಪಕ್ಕೆ ಎಡೆಯಿಲ್ಲ. ಎಂಜಿನ್ನು ಮುಂದಿದ್ದಾಗಲೂ ತೂಗು ಅಚ್ಚು ಕಾಡಿತು. ಹಿಂದಿದ್ದಾಗಲೂ ಅಚ್ಚು ಬದಲಾಗಲು ಕಾಟವು ತಗ್ಗಿತು. ಮುಖ್ಯ ಅಪರಾಧಿಯು ಅಚ್ಚೇ ಹೊರತು ಎಂಜಿನ್ನಿನ ಸ್ಥಾನವಲ್ಲ.

ಈ ನಿರ್ಣಯವು ಲೋಕಕ್ಕೆ ತಿಳಿಯಲು ಕಾಲವು ಅವಕಾಶ ಕೊಡಲಿಲ್ಲ. ೧೯೩೯ರ ಸೆಪ್ಟೆಂಬರ್ ೩ರಂದು ಬೆಲ್‌ಗ್ರೇಡಿನಲ್ಲಿ ನುವೊಲಾರಿ ಗೆದ್ದ ದಿನವೇ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಜರ್ಮನಿಯ ಮೇಲೆ ಯುದ್ಧವನ್ನು ಸಾರಿದವು. ಯುದ್ಧಾನಂತರ ತ್ಸ್ವಿಕಾವ್ ಸೋವಿಯತ್ ವಲಯಕ್ಕೆ ಸೇರಿತು. ಅಲ್ಲಿದ್ದ ಕಾರುಗಳನ್ನು ರಷ್ಯಕ್ಕೆ ಸಾಗಿಸಲಾಯಿತು. ಕಾರುಗಳೊಡನೆ ಪಾಠವೂ ಕಣ್ಮರೆಯಾಯಿತು. ೧೯೫೮ರಲ್ಲಿ ಅರ್ಜೆಂಟೀನದ ಮಹಾಪಂದ್ಯವನ್ನು ಇಂಗ್ಲೆಂಡಿನ ಪುಟ್ಟ ಕೂಪರ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಗೆದ್ದಾಗ, ೧೯೫೯ರಲ್ಲಿ ಅದೇ ಸಂಸ್ಥೆಯ ಕಾರಿನಲ್ಲಿ ಜಾಕ್ ಬ್ರಾಭಮ್ ಜಗತ್ತಿನ ಚಾಂಪಿಯನ್ ಆದಾಗ, ಹಿಂಬದಿಯ ಎಂಜಿನ್ನು ಅಂತೂ ದೋಷಮುಕ್ತವಾಯಿತು. ಮುಂದೆ ಎಲ್ಲರೂ ಆ ದಾರಿಯನ್ನೇ ಹಿಡಿದರು.

ಆದರೆ ಮನುಷ್ಯರ ಲೆಕ್ಕವು ಹೀಗೆ ಸರಿಹೋಗಲಿಲ್ಲ. ರೋಸೆಮೈಯರ್ ೧೯೩೮ರ ಜನವರಿ ೨೮ರಂದು ಫ್ರಾಂಕ್‌ಫರ್ಟ್ ಬಳಿಯ ಹೆದ್ದಾರಿಯಲ್ಲಿ ವೇಗದ ದಾಖಲೆಗಾಗಿ ಓಡಿಸುತ್ತಿದ್ದಾಗ ಅಪಘಾತಕ್ಕೀಡಾಗಿ, ೨೮ನೆಯ ವಯಸ್ಸಿನಲ್ಲಿ ಮಡಿದನು. ಅವನ ಅಂತ್ಯಕ್ರಿಯೆಯನ್ನೂ ಆಡಳಿತವು ಪ್ರದರ್ಶನವಾಗಿ ಮಾಡಿಕೊಂಡಿತು. ೧೯೩೩ರಲ್ಲಿ ಕಚೇರಿಯಲ್ಲಿನ ಹುದ್ದೆಯನ್ನು ಬಿಟ್ಟಿದ್ದ ರೋಸೆನ್‌ಬರ್ಗರನು ೧೯೩೫ರಲ್ಲಿ ತನ್ನ ಪಾಲನ್ನೂ ಕಳೆದುಕೊಂಡನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂಧಿತನಾಗಿ ಸೆರೆಶಿಬಿರವನ್ನು ಕಂಡನು. ಬಿಡುಗಡೆಯಾದ ಮೇಲೆ ದೇಶವನ್ನು ತೊರೆದು ಕೊನೆಗೆ ಅಮೆರಿಕವನ್ನು ಸೇರಿದನು. ತಾನು ಹುಟ್ಟುಹಾಕಲು ನೆರವಾದ ಕಾರು ಆ ಆಡಳಿತದ ಹೆಮ್ಮೆಯಾಗಿ ಗೆಲ್ಲುತ್ತಿದ್ದ ವರ್ಷಗಳಲ್ಲಿಯೇ ಅವನಿಗೆ ಈ ಗತಿಯಾಯಿತು. ಯಂತ್ರದ ದೋಷವನ್ನು ಸರಿಯಾದ ಅಂಗಕ್ಕೆ ಹೊರಿಸುವುದು ಇತಿಹಾಸಕಾರನ ಕರ್ತವ್ಯವಾದರೆ, ಅದರ ಕೀರ್ತಿಯನ್ನು ಸರಿಯಾದ ಜನಕ್ಕೆ ಸಲ್ಲಿಸುವುದೂ ಅಷ್ಟೇ ಕರ್ತವ್ಯ.