ಎಂಟು ಮಿಲಿಮೀಟರಿನ ಲೆಕ್ಕದಲ್ಲಿ ರೈಲು ಎಂಜಿನ್

ಮರದಲ್ಲಿ ರೈಲು ಎಂಜಿನ್ನಿನ ಮಾದರಿ ಮಾಡುವ ಬಡಗಿಗೆ ಒಂದು ಅನುಕೂಲವಿದೆ. ಬಾಯ್ಲರು ದಪ್ಪವಾಯಿತೆನ್ನಿಸಿದರೆ ಉಜ್ಜುಗೊರಡಿನಿಂದ ಇನ್ನೆರಡು ಪದರ ಎಬ್ಬಿಸಿದರಾಯಿತು. ತಗಡಿನಲ್ಲಿ ಮಾಡುವವನಿಗೆ ಕತ್ತರಿ ಇದೆ, ಅರ ಇದೆ. ಮಕ್ಕಳು ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಎಂಜಿನ್ ಕಟ್ಟಹೊರಟವನಿಗೆ ಮಾತ್ರ ಇದಾವುದೂ ಇಲ್ಲ. ಅವನ ಅಳತೆಪಟ್ಟಿಯಲ್ಲಿ ಎಂಟು ಮಿಲಿಮೀಟರಿಗೊಂದು ಗೆರೆ. ಎರಡು ಗೆರೆಗಳ ನಡುವಿನ ಜಾಗ ಅವನದಲ್ಲ. ಇಷ್ಟಾದರೂ ಯುರೋಪು, ಅಮೆರಿಕಗಳಲ್ಲಿ ಸಾವಿರಾರು ವಯಸ್ಕರು ದಶಕಗಳಿಂದ ಇದೇ ಇಟ್ಟಿಗೆಗಳಲ್ಲಿ ನಿಜವಾದ ಎಂಜಿನ್ನುಗಳ ಪ್ರಮಾಣಬದ್ಧ ಮಾದರಿಗಳನ್ನು ಕಟ್ಟುತ್ತಿದ್ದಾರೆ. ಇದು ಮಕ್ಕಳಾಟವೆಂದು ತಳ್ಳಿಹಾಕುವ ಮೊದಲು ಈ ಎಂಟು ಮಿಲಿಮೀಟರ್ ಎಲ್ಲಿಂದ ಬಂತು, ರೈಲಿಗೆ ಅದು ಹೇಗೆ ಗಂಟುಬಿತ್ತು ಎಂಬುದನ್ನು ನೋಡಬೇಕು.

ಡೆನ್ಮಾರ್ಕಿನ ಬಿಲುಂಡ್ ಎಂಬ ಪುಟ್ಟ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿಯಿದ್ದ. ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು ಕವಿದಿದ್ದ 1932ರಲ್ಲಿ, ಮನೆ ಕಟ್ಟುವ ಕೆಲಸ ಸಿಗದೆ, ಮರದ ಆಟಿಕೆ ಮಾಡತೊಡಗಿದ. ಎರಡು ವರ್ಷಗಳ ನಂತರ ತನ್ನ ಆಟಿಕೆಗಳಿಗೆ ‘ಲೆಗೊ’ ಎಂದು ಹೆಸರಿಟ್ಟ. ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಪದಗಳನ್ನು ಕೂಡಿಸಿ ಮಾಡಿದ ಹೆಸರು ಅದು. 1949ರಲ್ಲಿ ಅವನ ಕಾರ್ಖಾನೆ ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಮಾರುಕಟ್ಟೆಗೆ ತಂದಿತು. ಈ ಕಲ್ಪನೆ ಅವನ ಸ್ವಂತದ್ದೇನಲ್ಲ. ಇಂಗ್ಲೆಂಡಿನ ಹಿಲರಿ ಫಿಷರ್ ಪೇಜ್ ಎಂಬಾತ ‘ಕಿಡ್ಡಿಕ್ರಾಫ್ಟ್’ ಹೆಸರಿನಲ್ಲಿ ಅಂಥವೇ ಇಟ್ಟಿಗೆಗಳನ್ನು ಮೊದಲೇ ಮಾಡಿದ್ದ. ಬಿಲುಂಡಿನವರು ಸೇರಿಸಿದ್ದು ಬೇರೆಯದು. 1958ರ ಜನವರಿ 28ರಂದು ಓಲೆಯ ಮಗ ಗಾಟ್‌ಫ್ರೆಡ್ ಇಟ್ಟಿಗೆಯ ಒಳಗೆ ಟೊಳ್ಳು ಕೊಳವೆಗಳನ್ನಿಡುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಮೇಲಿನ ದುಂಡು ಬುಗುಟು, ಅಂದರೆ ಹವ್ಯಾಸಿಗಳ ಬಾಯಲ್ಲಿ ‘ಸ್ಟಡ್’, ಇನ್ನೊಂದು ಇಟ್ಟಿಗೆಯ ಒಳಗೋಡೆ ಮತ್ತು ಕೊಳವೆಗಳ ನಡುವೆ ಬಿಗಿಯಾಗಿ ಕೂರುತ್ತದೆ. ಎಳೆದರೆ ಬರುತ್ತದೆ, ತಾನಾಗಿ ಬೀಳುವುದಿಲ್ಲ.

ಅಂದಿನಿಂದ ಅಳತೆಗಳು ಬದಲಾಗಿಲ್ಲ. ಒಂದು ಸ್ಟಡ್ಡಿನ ನಡುವಿನಿಂದ ಇನ್ನೊಂದರ ನಡುವಿಗೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ಅದರ ಮೂರನೆಯ ಒಂದು ಪಾಲಿನ ತೆಳು ತುಂಡಿಗೆ ‘ಪ್ಲೇಟ್’ ಎನ್ನುತ್ತಾರೆ, ಎತ್ತರ 3.2 ಮಿ.ಮೀ. ಈ ಮೂರು ಅಂಕಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಲೆಗೊ ಕಂಪನಿ ತನ್ನ ಮೊದಲ ರೈಲನ್ನು 1966ರಲ್ಲಿ ಹೊರಡಿಸಿತು. ನೀಲಿ ಹಳಿ, ಬಿಳಿ ಸ್ಲೀಪರುಗಳು, ನಾಲ್ಕೂವರೆ ವೋಲ್ಟಿನ ಬ್ಯಾಟರಿ. 1969ರಲ್ಲಿ 12 ವೋಲ್ಟಿನದು, 1980ರಲ್ಲಿ ಬೂದುಬಣ್ಣದ ಹಳಿಗಳದು, 1991ರಲ್ಲಿ ಹಳಿಯಲ್ಲೇ ವಿದ್ಯುತ್ ಹರಿಯುವ 9 ವೋಲ್ಟಿನದು, ಹೀಗೆ ವ್ಯವಸ್ಥೆಗಳು ಒಂದಾದಮೇಲೊಂದು ಬಂದವು. ಬದಲಾಗದೆ ಉಳಿದದ್ದು ಹಳಿಗಳ ನಡುವಿನ ಅಂತರ. ಒಂದು ಹಳಿಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಐದು ಸ್ಟಡ್. ಒಳ ಅಂಚುಗಳ ನಡುವೆ ಅಳೆದರೆ ಸುಮಾರು 37.5 ಮಿ.ಮೀ. ಮಗುವಿನ ಕೈಗೆ ಒಗ್ಗುವಂತೆ, ಇಟ್ಟಿಗೆಯ ಲೆಕ್ಕಕ್ಕೆ ಕೂರುವಂತೆ ಈ ಅಂತರ ಇತ್ತೇ ಹೊರತು ಯಾವ ನಿಜ ರೈಲಿನ ಲೆಕ್ಕಕ್ಕೂ ಕೂರುವಂತಿರಲಿಲ್ಲ.

ತೊಡಕು ಶುರುವಾಗುವುದು ಇಲ್ಲಿಂದ. ಯುರೋಪು, ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜಿನ ಅಗಲ 1435 ಮಿ.ಮೀ. ಅದನ್ನು 37.5ರಿಂದ ಭಾಗಿಸಿದರೆ ಪ್ರಮಾಣ ಸುಮಾರು 1:38. ಅಲ್ಲಿನ ಎಂಜಿನ್ ಮೂರು ಮೀಟರ್ ಅಗಲವಿದೆಯೆಂದರೆ ಮಾದರಿ 79 ಮಿ.ಮೀ. ಇರಬೇಕು, ಅಂದರೆ ಹತ್ತು ಸ್ಟಡ್. ಆದರೆ ಕಂಪನಿ ದಶಕಗಳ ಕಾಲ ಮಾರಿದ ರೈಲುಗಳ ಅಗಲ ಬರೀ ಆರು ಸ್ಟಡ್. ಸಣಕಲು ಹುಡುಗ ಅಪ್ಪನ ಚಪ್ಪಲಿ ಮೆಟ್ಟಿ ನಿಂತ ಹಾಗೆ, ಕಿರಿದಾದ ಎಂಜಿನ್ ಅಗಲವಾದ ಹಳಿಯ ಮೇಲೆ ನಿಂತಿರುತ್ತದೆ. ಮಗುವಿಗೆ ಇದು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಅದೇ ಮಗು ಬೆಳೆದು, ನಿಜ ಎಂಜಿನ್ನಿನ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟಲು ಕೂತಾಗ ಮಾತ್ರ ಕಣ್ಣಿಗೆ ಚುಚ್ಚತೊಡಗುತ್ತದೆ.

ಈ ಚುಚ್ಚುವಿಕೆಯಿಂದ ಹವ್ಯಾಸಿಗಳಲ್ಲಿ ಪಂಥಗಳೇ ಹುಟ್ಟಿದವು. ಆರು ಸ್ಟಡ್ಡಿನವರ ವಾದ, ‘ಇದು ಆಟಿಕೆ; ಆಟಿಕೆಯಾಗಿಯೇ ಚೆಂದ.’ ಎಂಟು ಸ್ಟಡ್ಡಿನವರು 1:48ನ್ನು ಹಿಡಿದರು. ಅಮೆರಿಕದ ಮಾದರಿ ರೈಲಿನವರಿಗೆ ಅದು ಹಳೆಯ ಪರಿಚಿತ ಪ್ರಮಾಣ. ಒಂದು ಅಡಿಗೆ ಕಾಲು ಇಂಚು. ಎಂಜಿನ್ನಿನ ಅಗಲ ಆಗ ಕೂಡಿಬರುತ್ತದೆ, ಹಳಿ ಮಾತ್ರ ಕಾಲುಪಾಲು ಹೆಚ್ಚು ಅಗಲವಾಗಿಯೇ ಉಳಿಯುತ್ತದೆ. ಹಳಿಯನ್ನೇ ಪ್ರಮಾಣವೆಂದು ನಂಬಿದವರು 1:38ಕ್ಕೆ ಹೋಗಿ ಹತ್ತು ಸ್ಟಡ್ಡಿನ ದೈತ್ಯರನ್ನು ಕಟ್ಟಿದರು. ಇವರೆಲ್ಲರ ನಡುವೆ 1978ರಲ್ಲಿ ಬಂದ ಪುಟ್ಟ ಮನುಷ್ಯಗೊಂಬೆ ಬೇರೆ ಇದೆ. ಎತ್ತರದಲ್ಲಿ ಸುಮಾರು 40 ಮಿ.ಮೀ., ಅಂದರೆ 1:42ರ ಆಸುಪಾಸು. ಅದೇ ಪ್ರಮಾಣದಲ್ಲಿ ಅದರ ಸೊಂಟ ಅಳೆದರೆ ಎರಡು ಅಡಿಗೂ ಹೆಚ್ಚು ಅಗಲ! ಈ ಗೊಂಬೆಯನ್ನು ಅಳತೆಗೋಲಾಗಿ ಹಿಡಿದವರು ಯಾವ ತೀರ್ಮಾನಕ್ಕೂ ಬರದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಅಗಲ ನಿರ್ಧಾರವಾದಮೇಲೆ ನಿಜವಾದ ಕಟ್ಟಣೆ. ಎಂಟು ಮಿಲಿಮೀಟರಿನ ಸೆರೆಯಿಂದ ತಪ್ಪಿಸಿಕೊಳ್ಳಲು ಇರುವ ಕಿಂಡಿ ಇಟ್ಟಿಗೆಯ ಅಳತೆಯಲ್ಲಿಯೇ ಅಡಗಿದೆ. ಐದು ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟರೆ 16 ಮಿ.ಮೀ. ಎರಡು ಸ್ಟಡ್ಡಿನ ಅಗಲವೂ ಕರಾರುವಾಕ್ಕಾಗಿ ಅಷ್ಟೆ. ಆದ್ದರಿಂದ ಪ್ಲೇಟುಗಳ ಗಂಟನ್ನು ಪಕ್ಕಕ್ಕೆ ಮಲಗಿಸಿ ಎಂಜಿನ್ನಿನ ಒಡಲಿಗೆ ಸೇರಿಸಬಹುದು. ಹಾಗೆ ಮಲಗಿಸಿದೊಡನೆ ಅಗಲವನ್ನು 8ರ ಬದಲು 3.2 ಮಿ.ಮೀ.ನ ಮೆಟ್ಟಿಲುಗಳಲ್ಲಿ ಹೆಚ್ಚುಕಡಿಮೆ ಮಾಡಬಹುದು. ಬಾಯ್ಲರಿನ ದುಂಡು, ಡೀಸೆಲ್ ಎಂಜಿನ್ನಿನ ಓರೆ ಮೂತಿ, ಪಕ್ಕದ ಜಾಲರಿ, ಎಲ್ಲವೂ ಈ ಪಕ್ಕಕ್ಕೆ ಮಲಗಿಸುವ ವಿದ್ಯೆಯಿಂದಲೇ ಸಾಧ್ಯವಾದವು. ಒಳ್ಳೆಯ ಮಾದರಿಯ ಒಳಗೋಡೆ ಕಿತ್ತು ನೋಡಿದರೆ ಇಟ್ಟಿಗೆಗಳು ಮೇಲಕ್ಕೆ, ಪಕ್ಕಕ್ಕೆ, ತಲೆಕೆಳಗಾಗಿ, ಎಲ್ಲ ದಿಕ್ಕಿಗೂ ಮುಖಮಾಡಿ ಕೂತಿರುತ್ತವೆ. ಹೊರಗೆ ಮಾತ್ರ ನುಣುಪು.

ಉಗಿ ಎಂಜಿನ್ನಿನ ಗಾಲಿಗಳದು ಇನ್ನೂ ಸೊಗಸಾದ ಕತೆ. ನಿಜವಾದ ಉಗಿ ಎಂಜಿನ್ನಿನಲ್ಲಿ ಎಡಗಡೆಯ ಸರಳು ಮತ್ತು ಬಲಗಡೆಯ ಸರಳು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇರುವುದಿಲ್ಲ. ಕಾಲುಸುತ್ತಿನ, ಅಂದರೆ 90 ಡಿಗ್ರಿಯ ವ್ಯತ್ಯಾಸವಿರುತ್ತದೆ. ಇಲ್ಲದಿದ್ದರೆ ಎರಡೂ ಪಿಸ್ಟನ್ನುಗಳು ತುದಿ ಮುಟ್ಟಿದ ಸ್ಥಿತಿಯಲ್ಲಿ ನಿಂತ ಎಂಜಿನ್ ಮತ್ತೆ ಹೊರಡಲಾರದು. ಲೆಗೊ ಗಾಲಿಯನ್ನು ಹಿಡಿಯುವ ಅಚ್ಚಿನ ಅಡ್ಡಕೊಯ್ತ ಕೂಡಿಸುವ ಚಿಹ್ನೆಯ ಆಕಾರದ್ದು. ಗಾಲಿ ಅದರ ಮೇಲೆ ನಾಲ್ಕೇ ಸ್ಥಾನಗಳಲ್ಲಿ ಕೂರಬಲ್ಲದು. ಹೀಗಾಗಿ ಕಾರ್ಖಾನೆಯಲ್ಲಿ ಅಳೆದು ಹೊಂದಿಸಬೇಕಾದ 90 ಡಿಗ್ರಿ ಇಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಪುಕ್ಕಟೆಯದು ಎಲ್ಲರಿಗೂ ಒಪ್ಪುವುದಿಲ್ಲ. ನೈಜೆಲ್ ಗ್ರೆಸ್ಲಿ ರೂಪಿಸಿ 1923ರಲ್ಲಿ ಡಾಂಕಾಸ್ಟರಿನಿಂದ ಹೊರಬಂದ ಪ್ರಸಿದ್ಧ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಜಿನ್ನಿಗೆ ಮೂರು ಸಿಲಿಂಡರುಗಳು. ಸರಳುಗಳ ವ್ಯತ್ಯಾಸ ಸುಮಾರು 120 ಡಿಗ್ರಿ. ನಾಲ್ಕು ಮೂಲೆಯ ಅಚ್ಚು ಅದನ್ನು ಕೊಡಲಾರದು. ಬಣ್ಣ, ಚಿಮಣಿ, ಹೆಸರಿನ ಫಲಕ ಎಲ್ಲ ಸರಿಯಿದ್ದೂ ಈ 30 ಡಿಗ್ರಿಗಾಗಿ ನಿದ್ದೆಗೆಡುವವರು ಇದ್ದಾರೆಂದರೆ ಹವ್ಯಾಸದ ಆಳ ಎಷ್ಟೆಂದು ಊಹಿಸಿಕೊಳ್ಳಬಹುದು.

ಗಾಲಿ ಸಿಗುವುದೇ ಒಂದು ಕಾಲಕ್ಕೆ ದುರ್ಲಭವಾಗಿತ್ತು. 9 ವೋಲ್ಟಿನ ಯುಗದಲ್ಲಿ ಕಂಪನಿ ಕೊಡುತ್ತಿದ್ದುದು ಬೋಗಿಗೆ ತಕ್ಕ ಚಿಕ್ಕ ಗಾಲಿ ಮಾತ್ರ. ಉಗಿ ಎಂಜಿನ್ನಿನ ಆಳೆತ್ತರದ ಗಾಲಿಯನ್ನು ಎಲ್ಲಿಂದ ತರುವುದು? ಕೊನೆಗೆ ‘ಬಿಗ್ ಬೆನ್ ಬ್ರಿಕ್ಸ್’ ಎಂಬ ಹೆಸರಿನಲ್ಲಿ ಅಮೆರಿಕದ ಹವ್ಯಾಸಿಯೊಬ್ಬರೇ ಅಚ್ಚು ಮಾಡಿಸಿ ಬೇರೆ ಬೇರೆ ಗಾತ್ರದ ಗಾಲಿಗಳನ್ನು ಮಾರಲು ನಿಂತರು. ಇಲ್ಲಿಯೂ ಮಡಿವಂತಿಕೆಯ ಪ್ರಶ್ನೆ ಎದ್ದಿತು. ಬಿಲುಂಡಿನಲ್ಲಿ ಹುಟ್ಟದ ತುಂಡನ್ನು ಬಳಸಬಹುದೆ? ತುಂಡನ್ನು ಕತ್ತರಿಸಬಹುದೆ, ಅಂಟು ಹಚ್ಚಬಹುದೆ? ಕಟ್ಟಾ ಸಂಪ್ರದಾಯಸ್ಥರಿಗೆ ಇದೆಲ್ಲ ನಿಷಿದ್ಧ. ನನ್ನನ್ನು ಕೇಳಿದರೆ, ಕತ್ತರಿ ಹಾಕಕೂಡದೆಂಬ ಹಟ ಸರಿಯಾದದ್ದೇ. ಕತ್ತರಿಸಲು ಶುರುಮಾಡಿದರೆ ಇದು ಮಾಮೂಲಿ ಪ್ಲಾಸ್ಟಿಕ್ ಮಾದರಿಯಾಗಿಬಿಡುತ್ತದೆ. ಗಾಲಿಯ ವಿಷಯದಲ್ಲಿ ಮಾತ್ರ ಅಷ್ಟು ಬಿಗಿ ಬೇಕಾಗಿರಲಿಲ್ಲ.

2009ರಲ್ಲಿ ಕಂಪನಿ ‘ಎಮೆರಾಲ್ಡ್ ನೈಟ್’ ಎಂಬ ಹಸಿರು ಉಗಿ ಎಂಜಿನ್ನನ್ನು ತಂದಾಗ ದೊಡ್ಡ ಗಾಲಿಗಳನ್ನೂ ಅಚ್ಚುಹಾಕಿಸಿತು. ಅದರಲ್ಲೊಂದು ಉಪಾಯ ಗಮನಿಸುವಂಥದ್ದು. ಹಳಿಯಿಂದ ಜಾರದಂತೆ ಗಾಲಿಯ ಒಳಬದಿಗೆ ಚಾಚಿದ ಅಂಚು ಇರುತ್ತದಷ್ಟೆ. ಆರು ದೊಡ್ಡ ಗಾಲಿಗಳಿಗೂ ಅಂಚಿದ್ದರೆ ಆಟಿಕೆಯ ಕಡಿದಾದ ತಿರುವಿನಲ್ಲಿ ಎಂಜಿನ್ ಸಿಕ್ಕಿಕೊಳ್ಳುತ್ತದೆ. ಅದಕ್ಕೆಂದು ನಡುವಿನ ಜೋಡಿಗೆ ಅಂಚೇ ಇಲ್ಲದ ಬೋಳು ಗಾಲಿ. ಇದು ಆಟಿಕೆಯವರು ಕಂಡುಹಿಡಿದದ್ದಲ್ಲ. ನಿಜ ರೈಲ್ವೆಗಳು ಹತ್ತೊಂಬತ್ತನೆಯ ಶತಮಾನದಲ್ಲೇ ತಿರುವುಗಳಿಗಾಗಿ ಬೋಳು ಗಾಲಿ ಹಾಕಿ ಓಡಿಸಿದ್ದವು.

ನಕ್ಷೆ ಬರೆಯುವ ಕೆಲಸ ಕಂಪ್ಯೂಟರಿಗೆ ಬಂದದ್ದು 1995ರಲ್ಲಿ. ಜೇಮ್ಸ್ ಜೆಸ್ಸಿಮನ್ ಎಂಬ ಆಸ್ಟ್ರೇಲಿಯದ ತರುಣ ‘ಎಲ್‌ಡ್ರಾ’ ಎಂಬ ಪ್ರೋಗ್ರಾಮ್ ಬರೆದು ಹಂಚಿದ. ಪ್ರತಿಯೊಂದು ತುಂಡಿನ ಆಕಾರವನ್ನೂ ಅಂಕಿಗಳಲ್ಲಿ ಬರೆದಿಟ್ಟು, ಅವುಗಳನ್ನು ಪರದೆಯ ಮೇಲೆ ಜೋಡಿಸುವ ವ್ಯವಸ್ಥೆ ಅದು. ಸ್ಟಡ್ಡಿನ ಅಂತರವನ್ನು 20 ಪಾಲು ಮಾಡಿದ. ಹಾಗೆ ಮಾಡಿದರೆ ಇಟ್ಟಿಗೆಯ ಎತ್ತರ 24 ಪಾಲು, ಪ್ಲೇಟಿನದು 8 ಪಾಲು; ಭಿನ್ನರಾಶಿಯ ಗೊಡವೆಯೇ ಇಲ್ಲ. ಇಷ್ಟು ಮಾಡಿಟ್ಟು 1997ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಆತ ತೀರಿಕೊಂಡ. ಅವನ ತುಂಡುಗಳ ಕೋಶವನ್ನು ಸ್ವಯಂಸೇವಕರು ಮುಂದುವರಿಸಿದರು. ಅದಕ್ಕೆ ಇಂದಿಗೂ ಹೊಸ ತುಂಡುಗಳು ಸೇರುತ್ತಲೇ ಇವೆ. ಮೊದಲು ಸಾವಿರ ತುಂಡು ಕೊಂಡು, ಆಮೇಲೆ ಕಟ್ಟಿ, ತಪ್ಪಿದರೆ ಬಿಚ್ಚುತ್ತಿದ್ದವರು ಈಗ ಪರದೆಯ ಮೇಲೆ ಕಟ್ಟಿ, ಬೇಕಾದ್ದನ್ನಷ್ಟೇ ತರಿಸಿಕೊಳ್ಳುವಂತಾಯಿತು. 2000ದಲ್ಲಿ ಶುರುವಾದ ‘ಬ್ರಿಕ್‌ಲಿಂಕ್’ ಎಂಬ ಬಿಡಿ ತುಂಡುಗಳ ಮಾರುಕಟ್ಟೆ ಇದಕ್ಕೆ ಜೊತೆಯಾಯಿತು. 2019ರಲ್ಲಿ ಲೆಗೊ ಕಂಪನಿ ಅದನ್ನೂ ಕೊಂಡುಕೊಂಡಿತು.

ಕಂಪನಿಗೂ ಈ ಹವ್ಯಾಸಿಗಳಿಗೂ ಯಾವಾಗಲೂ ಸರಸವಿತ್ತೆಂದಲ್ಲ. 2004ರ ಸುಮಾರಿಗೆ ಅದು ತನ್ನ ಬೂದುಬಣ್ಣಗಳನ್ನು ಬದಲಾಯಿಸಿ ಸ್ವಲ್ಪ ನೀಲಿಛಾಯೆಯ ಬೂದು ತಂದಿತು. ಮಗುವಿಗೆ ಗೊತ್ತೇ ಆಗದ ವ್ಯತ್ಯಾಸ. ಆದರೆ ಅರ್ಧ ಕಟ್ಟಿದ ಎಂಜಿನ್ನನ್ನು ಮೇಜಿನ ಮೇಲಿಟ್ಟುಕೊಂಡವನಿಗೆ, ಉಳಿದರ್ಧಕ್ಕೆ ಹೊಂದುವ ಬಣ್ಣ ಇನ್ನು ಕಾರ್ಖಾನೆಯಿಂದ ಬರುವುದೇ ಇಲ್ಲವೆಂದರೆ ಹೇಗಾಗಬೇಡ! 2007ರಲ್ಲಿ ಲೋಹದ ಹಳಿಯ 9 ವೋಲ್ಟಿನ ವ್ಯವಸ್ಥೆಯೂ ನಿಂತಿತು. ಅದರ ಹಳೆಯ ಮೋಟಾರುಗಳನ್ನು ಜೋಪಾನ ಮಾಡಿಕೊಂಡು ಓಡಿಸುವವರು ಈಗಲೂ ಇದ್ದಾರೆ. ಇನ್ನೊಂದೆಡೆ ಇದೇ ಕಂಪನಿ 2020ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಹಾದಿಯ ‘ಮೊಸಳೆ’ ಎಂಜಿನ್ನನ್ನು 1271 ತುಂಡುಗಳಲ್ಲಿ ಮಾಡಿ ವಯಸ್ಕರಿಗೆಂದೇ ಮಾರಿತು. ಹವ್ಯಾಸಿಗಳು ವರ್ಷಗಟ್ಟಲೆ ಮನೆಯಲ್ಲಿ ಕಲಿತ ವಿದ್ಯೆ ಅದರಲ್ಲಿ ಕಾಣುತ್ತದೆ.

ಇನ್ನು ನಮ್ಮ ರೈಲಿನ ಲೆಕ್ಕ ಹಾಕಿ ನೋಡೋಣ. ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಭಾರತಕ್ಕೆಂದು ನಿಗದಿಯಾದ ಬ್ರಾಡ್‌ಗೇಜಿನ ಅಗಲ 1676 ಮಿ.ಮೀ. ಅದನ್ನು 37.5ರಿಂದ ಭಾಗಿಸಿದರೆ 1:45 ಬರುತ್ತದೆ. ಪೆರಂಬೂರಿನ ಕಾರ್ಖಾನೆಯ ನಮ್ಮ ಪರಿಚಿತ ಬೋಗಿಯ ಅಗಲ 3.245 ಮೀಟರ್. ಈ ಪ್ರಮಾಣದಲ್ಲಿ ಅದು 72 ಮಿ.ಮೀ., ಸರಿಯಾಗಿ ಒಂಬತ್ತು ಸ್ಟಡ್! ಹಳಿಯೂ ಸರಿ, ಅಗಲವೂ ಸರಿ. ಯುರೋಪಿನವರು ಹತ್ತು ಸ್ಟಡ್ಡಿಗೆ ಹೋಗಿ ಪಡೆದ ಹೊಂದಾಣಿಕೆ ನಮಗೆ ಒಂಬತ್ತರಲ್ಲೇ ದಕ್ಕುತ್ತದೆ. 1947ರಿಂದ 1967ರವರೆಗೆ ತಯಾರಾದ, ಗುಂಡಿನಂಥ ಮೂತಿಯ ‘ಡಬ್ಲ್ಯುಪಿ’ ಉಗಿ ಎಂಜಿನ್ನನ್ನು ಹಿರಿಯರು ಮರೆತಿರಲಾರರು. ಅದಕ್ಕಿದ್ದುದು ಎರಡೇ ಸಿಲಿಂಡರು. ನಾಲ್ಕು ಮೂಲೆಯ ಅಚ್ಚಿನ 90 ಡಿಗ್ರಿ ಅದಕ್ಕೆ ಅಪ್ಪಟವಾಗಿ ಒಪ್ಪುತ್ತದೆ. ಸ್ಕಾಟ್ಸ್‌ಮನ್ನಿಗಿಲ್ಲದ ಭಾಗ್ಯ ಇದು. ಕರ್ನಾಟಕದಲ್ಲಿ ಬಹುಕಾಲ ಓಡಿದ ಮೀಟರ್ ಗೇಜಿನ ಎಂಜಿನ್ನುಗಳಿಗೆ ಮಾತ್ರ ಈ ಹಳಿ ಒಗ್ಗದು. ಅಲ್ಲಿ ಪ್ರಮಾಣ 1:27ರ ಹತ್ತಿರ ಹೋಗಿ ಮಾದರಿ ಮೇಜು ತುಂಬುವಷ್ಟಾಗುತ್ತದೆ.

ಒಂಬತ್ತು ಬೆಸಸಂಖ್ಯೆ ಎಂಬುದೊಂದು ಸಣ್ಣ ಕಿರಿಕಿರಿ. ಸಮಸಂಖ್ಯೆಯ ಅಗಲದಲ್ಲಿ ನಡುಗೆರೆ ಎರಡು ಸ್ಟಡ್ಡುಗಳ ಮಧ್ಯೆ ಬಿದ್ದರೆ ಬೆಸದಲ್ಲಿ ಸ್ಟಡ್ಡಿನ ನೆತ್ತಿಗೇ ಬೀಳುತ್ತದೆ. ಸಮಸಂಖ್ಯೆಯ ತುಂಡುಗಳನ್ನು ನಡುವಿಗೆ ತರಲು ಎರಡು ಸ್ಟಡ್ ಉದ್ದದ ಮೇಲೆ ಒಂದೇ ಸ್ಟಡ್ ಇರುವ ತುಂಡುಗಳನ್ನು ಹಾಕಿ, ಎಲ್ಲವನ್ನೂ ಅರ್ಧ ಹೆಜ್ಜೆ ಸರಿಸಬೇಕು. ದೊಡ್ಡ ತೊಡಕು ಉದ್ದದ್ದು. ಬೋಗಿಯ ಒಡಲು 21.34 ಮೀಟರ್, ಮಾದರಿಯಲ್ಲಿ 474 ಮಿ.ಮೀ., ಐವತ್ತೊಂಬತ್ತು ಸ್ಟಡ್. ಲೆಗೊ ಹಳಿಯ ತಿರುವಿನ ತ್ರಿಜ್ಯ ನಲವತ್ತು ಸ್ಟಡ್, ಅಂದರೆ 320 ಮಿ.ಮೀ. ನಿಜ ಜಗತ್ತಿಗೆ ಹಿಗ್ಗಿಸಿದರೆ ಹದಿನಾಲ್ಕೂವರೆ ಮೀಟರೂ ಇಲ್ಲ. ನಮ್ಮ ಬ್ರಾಡ್‌ಗೇಜಿನಲ್ಲಿ 175 ಮೀಟರಿಗಿಂತ ಕಡಿದಾದ ತಿರುವಿಗೆ ಅನುಮತಿಯೇ ಇಲ್ಲ. ಅಂಥ ಬೋಗಿ ಇಂಥ ತಿರುವಿಗೆ ಬಂದರೆ, ಎರಡೂ ತುದಿಯ ಗಾಲಿಗಳು ಹಳಿಯ ಮೇಲಿದ್ದರೂ, ನಡುಭಾಗ ಹಳಿಯ ಮಧ್ಯದಿಂದ ಸುಮಾರು 45 ಮಿ.ಮೀ. ಒಳಕ್ಕೆ ಸರಿದಿರುತ್ತದೆ.

ಇದಕ್ಕೆ ದಾರಿಗಳು ಮೂರು. ಕಿಟಕಿಗಳ ಸಂಖ್ಯೆ ಕಡಿಮೆ ಮಾಡಿ ಬೋಗಿಯನ್ನು ಮೊಟಕುಗೊಳಿಸುವುದು ಒಂದು. ಹೆಚ್ಚಿನವರು ಮಾಡುವುದು ಇದನ್ನೇ, ನೋಡುವವರಿಗೆ ಗೊತ್ತಾಗುವುದೂ ಕಡಿಮೆ. ಬೇರೆ ತಯಾರಕರು ಮಾರುವ 104 ಸ್ಟಡ್ ತ್ರಿಜ್ಯದ ಅಗಲ ತಿರುವು ಹಾಕುವುದು ಇನ್ನೊಂದು. ಆಗ ಸರಿತ ಎರಡೇ ಸ್ಟಡ್ಡಿಗೆ ಇಳಿಯುತ್ತದೆ, ಆದರೆ ಒಂದು ಸುತ್ತು ಹಾಸಲು ಕೋಣೆಯಲ್ಲಿ ಎರಡು ಮೀಟರಿನಷ್ಟು ಜಾಗ ಬೇಕು. ಉದ್ದವನ್ನೂ ಬಿಡೆವು, ತಿರುವನ್ನೂ ಬದಲಿಸೆವು ಎನ್ನುವವರು ತಿರುವಿನ ಒಳಮಗ್ಗುಲಲ್ಲಿರುವ ಸಿಗ್ನಲ್ ಕಂಬ, ಪ್ಲಾಟ್‌ಫಾರಂ, ಬೇಲಿಗಳನ್ನೆಲ್ಲ ಕಿತ್ತು ಆರು ಸ್ಟಡ್ ಆಚೆಗೆ ಇಟ್ಟುಕೊಳ್ಳುತ್ತಾರೆ.