‘ಕರುಣಾಳು ಬಾ ಬೆಳಕೆ’ ನಮ್ಮದಾದ ಬಗೆ

‘ಕರುಣಾಳು ಬಾ ಬೆಳಕೆ’ ಎಂಬ ಹಾಡನ್ನು ಕೇಳದ ಕನ್ನಡಿಗರು ವಿರಳ. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಸಭೆ ಸಮಾರಂಭಗಳ ಆರಂಭದಲ್ಲಿ, ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ನೀವೂ ಇದನ್ನು ಕೇಳಿದ್ದೀರಿ. ಬಹುಶಃ ನೀವೇ ಹಾಡಿಯೂ ಇರಬಹುದು. ಇದು ಕನ್ನಡದಲ್ಲಿಯೇ ಹುಟ್ಟಿದ ಪ್ರಾರ್ಥನೆ ಎಂದು ತಿಳಿದವರು ಅನೇಕರಿದ್ದಾರೆ. ಆದರೆ ಇದರ ಮೂಲವನ್ನು ಬರೆದವರು ಇಂಗ್ಲೆಂಡಿನ ಒಬ್ಬ ಪಾದ್ರಿ. ಮುಂದೆ ಅವರು ಕಥೋಲಿಕ ಧರ್ಮಸಭೆಯ ಕಾರ್ಡಿನಲ್ ಆದರು. ಅದನ್ನು ಕನ್ನಡಕ್ಕೆ ತಂದವರು ನಮ್ಮ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು. ಇವರಿಬ್ಬರ ನಡುವೆ ಆ ಹಾಡಿಗೆ ರಾಗ ಕಟ್ಟಿ ಲೋಕಕ್ಕೆ ಹಂಚಿದ ಮೂರನೆಯವರೊಬ್ಬರು ಇದ್ದಾರೆ. ಕವಿ, ಸಂಗೀತಗಾರ, ಅನುವಾದಕ, ಈ ಮೂವರ ಬಾಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದು ಪ್ರಾರ್ಥನೆ ಮತ ಭಾಷೆಗಳ ಗಡಿ ದಾಟುವುದು ಹೇಗೆಂಬುದು ತಿಳಿಯುತ್ತದೆ.

ಜಾನ್ ಹೆನ್ರಿ ನ್ಯೂಮನ್ ಹುಟ್ಟಿದ್ದು 1801ರ ಫೆಬ್ರವರಿ 21ರಂದು, ಲಂಡನ್ನಿನಲ್ಲಿ. ಚಿಕ್ಕ ವಯಸ್ಸಿನಲ್ಲಿಯೇ ಆಕ್ಸ್‌ಫರ್ಡಿನಲ್ಲಿ ವಿದ್ವಾಂಸರೆಂದು ಹೆಸರು ಪಡೆದು, 1828ರಲ್ಲಿ ಅಲ್ಲಿನ ಸೇಂಟ್ ಮೇರಿ ಚರ್ಚಿನ ಗುರುಗಳಾದರು. ಆಗ ಅವರು ಇಂಗ್ಲೆಂಡಿನ ಆಂಗ್ಲಿಕನ್ ಸಭೆಗೆ ಸೇರಿದವರು. 1832ರ ಡಿಸೆಂಬರಿನಲ್ಲಿ ಸ್ನೇಹಿತ ಹರೆಲ್ ಫ್ರೌಡ್ ಹಾಗೂ ಅವರ ತಂದೆಯವರೊಡನೆ ಮೆಡಿಟರೇನಿಯನ್ ಪ್ರವಾಸಕ್ಕೆ ಹೊರಟರು. ರೋಮ್ ನೋಡಿದ ಮೇಲೆ ಸ್ನೇಹಿತರು ಊರಿಗೆ ಮರಳಿದರೂ ನ್ಯೂಮನ್ ಒಬ್ಬರೇ ಸಿಸಿಲಿ ದ್ವೀಪಕ್ಕೆ ಹೋದರು. ಅಲ್ಲಿ ಅವರಿಗೆ ಭಾರಿ ಜ್ವರ ಬಂತು. ಪರದೇಶ, ಗುರುತಿಲ್ಲದ ಊರು, ಜೊತೆಗೆ ಜೆನ್ನಾರೋ ಎಂಬ ಒಬ್ಬ ಸೇವಕ ಮಾತ್ರ. ಬದುಕುವ ಆಸೆಯಿಲ್ಲವೆಂದು ಸುತ್ತಲಿನವರು ತಿಳಿದರು. ನ್ಯೂಮನ್ ಮಾತ್ರ ತಾವು ಸಾಯುವುದಿಲ್ಲವೆಂದೂ, ತಾವು ಬೆಳಕಿಗೆ ದ್ರೋಹ ಮಾಡಿಲ್ಲವೆಂದೂ ಆ ಸೇವಕನಿಗೆ ಹೇಳಿದರಂತೆ. ಇಂಗ್ಲೆಂಡಿನಲ್ಲಿ ತಮಗೊಂದು ಕೆಲಸ ಕಾದಿದೆ ಎಂಬ ಭಾವನೆ ಅವರನ್ನು ಬಿಡಲಿಲ್ಲ. ಆ ಕೆಲಸ ಏನೆಂಬುದು ಮಾತ್ರ ಅವರಿಗೇ ಸ್ಪಷ್ಟವಿರಲಿಲ್ಲ.

ಜ್ವರ ಇಳಿಯಿತು. ಪಲೆರ್ಮೋ ಬಂದರಿನಲ್ಲಿ ಮೂರು ವಾರ ಹಡಗಿಗಾಗಿ ಕಾದರು. ಕಡೆಗೆ ಸಿಕ್ಕಿದ್ದು ಫ್ರಾನ್ಸಿನ ಮಾರ್ಸೇಲ್ಸಿಗೆ ಕಿತ್ತಳೆಹಣ್ಣು ಸಾಗಿಸುತ್ತಿದ್ದ ಒಂದು ಹಾಯಿ ಹಡಗು. ಅದೂ ಬೊನಿಫಾಸಿಯೋ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಒಂದು ವಾರ ನಿಂತುಬಿಟ್ಟಿತು. 1833ರ ಜೂನ್ 16ರಂದು, ಅತ್ತ ಹೋಗಲಾರದೆ ಇತ್ತ ಬರಲಾರದೆ ಇದ್ದಾಗ, ನ್ಯೂಮನ್ ಮೂರು ಪದ್ಯಗಳ ಈ ಚಿಕ್ಕ ಕವಿತೆಯನ್ನು ಬರೆದರು. ಮುಂದೆ ಅದಕ್ಕೆ ಕೊಟ್ಟ ಶೀರ್ಷಿಕೆ ‘ಮೇಘಸ್ತಂಭ’ ಎಂಬರ್ಥದ್ದು. ಈಜಿಪ್ಟಿನಿಂದ ಹೊರಟ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ದೇವರು ಮೇಘಸ್ತಂಭವಾಗಿ ದಾರಿ ತೋರಿದ ಬೈಬಲಿನ ಕಥೆ ಅದರ ಹಿನ್ನೆಲೆ. ಆದರೂ ಕವಿತೆಯೊಳಗೆ ಕ್ರಿಸ್ತನ ಹೆಸರಿಲ್ಲ, ದೇವರೆಂಬ ಮಾತೂ ಇಲ್ಲ. ದೂರದ ದಾರಿ ಕಾಣಬೇಕಿಲ್ಲ, ಮುಂದಿನ ಒಂದು ಹೆಜ್ಜೆ ಕಂಡರೆ ಸಾಕು ಎಂಬುದೇ ಅದರ ಬೇಡಿಕೆ.

ಊರು ಸೇರಿದ ಕೆಲವೇ ದಿನಗಳಲ್ಲಿ, ಅದೇ ಜುಲೈಯಲ್ಲಿ, ಇಂಗ್ಲೆಂಡಿನ ಧಾರ್ಮಿಕ ಬದುಕನ್ನು ಅಲುಗಿಸಿದ ‘ಆಕ್ಸ್‌ಫರ್ಡ್ ಚಳವಳಿ’ ಆರಂಭವಾಯಿತು. ನ್ಯೂಮನ್ ಅದರ ಮುಂದಾಳಾದರು. ಹೆಜ್ಜೆ ಹೆಜ್ಜೆಯಾಗಿ ಅವರ ವಿಚಾರ ರೋಮಿನ ಕಡೆಗೆ ಸಾಗಿತು. 1845ರ ಅಕ್ಟೋಬರ್ 9ರಂದು ಅವರು ಕಥೋಲಿಕರಾದರು. ಇದರ ಬೆಲೆ ದೊಡ್ಡದು. ಅಂದಿನ ಇಂಗ್ಲೆಂಡಿನಲ್ಲಿ ಕಥೋಲಿಕರೆಂದರೆ ಅಲ್ಪಸಂಖ್ಯಾತರು, ಅನುಮಾನಕ್ಕೆ ಗುರಿಯಾದವರು. ನ್ಯೂಮನ್ ಹುದ್ದೆ ಬಿಟ್ಟರು. ಹಳೆಯ ಸ್ನೇಹಿತರು ದೂರವಾದರು. 1846ರಲ್ಲಿ ಆಕ್ಸ್‌ಫರ್ಡ್ ಬಿಟ್ಟವರು ಮತ್ತೆ ಅಲ್ಲಿ ಕಾಲಿಟ್ಟದ್ದು ಮೂವತ್ತೆರಡು ವರ್ಷಗಳ ನಂತರ, 1878ರಲ್ಲಿ. ಒಂದೊಂದೇ ಹೆಜ್ಜೆಯ ದಾರಿಯನ್ನು ಬೇಡಿದ ಕವಿಗೆ ಆ ದಾರಿ ಎಲ್ಲಿಗೆ ಕರೆದೊಯ್ಯುತ್ತದೆಂಬುದು ಬರೆಯುವಾಗ ತಿಳಿದಿರಲಿಲ್ಲ.

ಬರ್ಮಿಂಗ್‌ಹ್ಯಾಮಿನಲ್ಲಿ ಅವರು ಕಟ್ಟಿದ ‘ಓರೇಟರಿ’ ಎಂಬ ಗುರುಗಳ ಮನೆಯಲ್ಲಿ ಇನ್ನೊಬ್ಬ ಗೀತಕಾರರೂ ಇದ್ದರು. ಅವರ ಹೆಸರು ಎಡ್ವರ್ಡ್ ಕ್ಯಾಸ್ವಾಲ್. ಅವರೂ ಆಂಗ್ಲಿಕನ್ ಪಾದ್ರಿಯಾಗಿದ್ದು ಕಥೋಲಿಕರಾದವರು. ಹೆಂಡತಿ ಕಾಲರಾದಿಂದ ತೀರಿಕೊಂಡ ಮೇಲೆ ನ್ಯೂಮನ್ ಅವರ ಬಳಿಗೆ ಬಂದು ಸೇರಿದರು. ಕಥೋಲಿಕರ ಹಳೆಯ ಲ್ಯಾಟಿನ್ ಸ್ತೋತ್ರಗಳನ್ನು ಇಂಗ್ಲಿಷಿಗೆ ತಂದು 1849ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಕೀರ್ತಿ ಅವರದು. ಸಾಮಾನ್ಯ ಭಕ್ತರಿಗೆ ಅರ್ಥವಾಗದ ಭಾಷೆಯಲ್ಲಿದ್ದ ಪ್ರಾರ್ಥನೆ ಹೀಗೆ ಅವರ ಮನೆಮಾತಿಗೆ ಬಂತು. ಕ್ಯಾಸ್ವಾಲ್ ತೀರಿಕೊಂಡ ಮರುವರ್ಷ, 1879ರಲ್ಲಿ, ನ್ಯೂಮನ್ ಕಾರ್ಡಿನಲ್ ಆದರು, 1890ರಲ್ಲಿ ಕಾಲವಾದರು.

ಇನ್ನು ಸಂಗೀತಗಾರರ ವಿಷಯ. ನ್ಯೂಮನ್ ಈ ಕವಿತೆಯನ್ನು ಹಾಡೆಂದು ಬರೆದಿರಲಿಲ್ಲ. ಅದಕ್ಕೆ ರಾಗ ಕೊಟ್ಟವರು ಡರ್‌ಹ್ಯಾಮ್ ನಗರದ ಆಂಗ್ಲಿಕನ್ ಪಾದ್ರಿ ಜಾನ್ ಬ್ಯಾಕಸ್ ಡೈಕ್ಸ್. 1865ರಲ್ಲಿ ಲಂಡನ್ನಿನ ಬೀದಿಯಲ್ಲಿ ನಡೆದು ಹೋಗುತ್ತಿರುವಾಗ ಆ ರಾಗ ಹೊಳೆಯಿತೆನ್ನುತ್ತಾರೆ. ಅಲ್ಲಿಂದ ಮುಂದೆ ಹಾಡು ಕಾಡುಗಿಚ್ಚಿನಂತೆ ಹಬ್ಬಿತು. ಅದರ ಜನಪ್ರಿಯತೆಯನ್ನು ಯಾರೋ ಹೊಗಳಿದಾಗ, ಅದು ತಮ್ಮ ಮಾತಿನಿಂದಲ್ಲ, ಡೈಕ್ಸ್ ಅವರ ರಾಗದಿಂದ ಬಂದದ್ದೆಂದು ನ್ಯೂಮನ್ ವಿನಯದಿಂದ ಹೇಳಿದರು. ತಾವು ಬಿಟ್ಟುಬಂದ ಸಭೆಯ ಪಾದ್ರಿಯೇ ಕಟ್ಟಿದ ರಾಗ ಅದು ಎಂಬುದನ್ನು ನೆನೆದರೆ ಈ ಮಾತಿನ ಹಿರಿಮೆ ತಿಳಿಯುತ್ತದೆ. ಆದರೆ ಎಡ್ವರ್ಡ್ ಬಿಕರ್‌ಸ್ಟೆತ್ ಎಂಬ ಪಾದ್ರಿ, ರಕ್ಷಕನಾದ ಕ್ರಿಸ್ತನನ್ನು ನೇರವಾಗಿ ಕರೆಯುವ ನಾಲ್ಕನೆಯ ಪದ್ಯವೊಂದನ್ನು ತಾವೇ ಬರೆದು ಸೇರಿಸಿದಾಗ ನ್ಯೂಮನ್ ಒಪ್ಪಲಿಲ್ಲ. ಕಡೆಯ ಸಾಲುಗಳ ಅರ್ಥವೇನೆಂದು ಒಬ್ಬರು ಕೇಳಿದಾಗ, ಸುಮಾರು ಐವತ್ತು ವರ್ಷಗಳ ಹಿಂದಿನ ಭಾವವನ್ನು ಕವಿ ನೆನಪಿಡಲೇಬೇಕೆಂಬ ಕಟ್ಟುಪಾಡಿಲ್ಲವೆಂದು ಉತ್ತರಿಸಿದರು.

ಹಾಡು ಕವಿಯ ಕೈಯಿಂದ ಹೊರಟುಹೋಗಿತ್ತು. 1909ರ ಫೆಬ್ರವರಿ 16ರಂದು ಡರ್‌ಹ್ಯಾಮ್ ಪ್ರಾಂತದ ವೆಸ್ಟ್ ಸ್ಟಾನ್ಲಿ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 168 ಮಂದಿ ಸತ್ತರು. ನೆಲದಡಿಯ ಕತ್ತಲಲ್ಲಿ ಸಿಕ್ಕಿಬಿದ್ದ ಕೆಲವು ಕಾರ್ಮಿಕರು ಈ ಹಾಡನ್ನು ಗುನುಗುತ್ತ ಧೈರ್ಯ ತಂದುಕೊಂಡರೆಂದು ಬದುಕಿ ಬಂದವರು ಹೇಳಿದರು. ನಮ್ಮ ದೇಶದಲ್ಲಿ ಇದನ್ನು ತಮ್ಮದಾಗಿಸಿಕೊಂಡವರು ಗಾಂಧೀಜಿ. ಅವರ ಮೆಚ್ಚಿನ ಪ್ರಾರ್ಥನೆಗಳಲ್ಲಿ ಇದೂ ಒಂದು. ಗುಜರಾತಿಗೆ ಇದನ್ನು ನರಸಿಂಹರಾವ್ ದಿವೇಟಿಯಾ ಅನುವಾದಿಸಿದರು.

ಈಗ ತೆಂಗಿನ ಸೀಮೆಗೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದರೆ ನಮಗೆ ನೆನಪಾಗುವುದು ಕೊಬ್ಬರಿ. ಆದರೆ ಈ ಸೀಮೆ ಹೊಸಗನ್ನಡ ಕಾವ್ಯದ ಆಚಾರ್ಯರೊಬ್ಬರ ಜನ್ಮಸ್ಥಳವೂ ಹೌದು. ಬೆಳ್ಳೂರು ಮೈಲಾರಯ್ಯನವರ ಮಗ ಶ್ರೀಕಂಠಯ್ಯ 1884ರ ಜನವರಿ 3ರಂದು ಸಂಪಿಗೆಯಲ್ಲಿ ಹುಟ್ಟಿದರು. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರು. ಮಗ ಓದಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಅಂದಿನ ಸ್ಥಿತಿ ಹೇಗಿತ್ತೆಂದರೆ, ಇಂಗ್ಲಿಷ್ ಕಲಿತವರಿಗೆ ಕನ್ನಡ ಅಡಿಗೆಮನೆಯ ಮಾತು. ಕನ್ನಡ ಪಂಡಿತರಿಗೆ ಹಳಗನ್ನಡವೇ ಸಾಹಿತ್ಯ. ಆಡುವ ಕನ್ನಡದಲ್ಲಿ ಗಂಭೀರ ಕವಿತೆ ಸಾಧ್ಯವೆಂಬ ನಂಬಿಕೆ ಇಬ್ಬರಿಗೂ ಕಡಿಮೆ. ಇಂಥ ಹೊತ್ತಿನಲ್ಲಿ, 1911ರಲ್ಲಿ, ಶ್ರೀಯವರು ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಭಾಷಣ ಮಾಡಿದರು. ಹೇಳಿದ್ದನ್ನು ಮಾಡಿ ತೋರಿಸಿದ್ದು 1920ರ ದಶಕದಲ್ಲಿ ಬಂದ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ. ನ್ಯೂಮನ್ ಅವರ ಪ್ರಾರ್ಥನೆ ಕನ್ನಡವಾದದ್ದು ಆ ಪುಸ್ತಕದಲ್ಲಿ.

ಇದಕ್ಕೆ ಮೊದಲೂ ಕ್ರೈಸ್ತ ವಸ್ತುವನ್ನು ನಮ್ಮ ನೆಲದ ಹಾಡಾಗಿಸಲು ಯತ್ನಿಸಿದವರಿದ್ದರು. ಗೋವೆಯಲ್ಲಿದ್ದ ಇಂಗ್ಲಿಷ್ ಜೆಸುಇಟ್ ಗುರು ಥಾಮಸ್ ಸ್ಟೀಫನ್ಸ್ 1616ರಲ್ಲಿಯೇ ಮರಾಠಿಯ ಓವಿ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ವನ್ನು ಪ್ರಕಟಿಸಿದರು. 1907ರಲ್ಲಿ ಅದು ನಮ್ಮ ಮಂಗಳೂರಿನಲ್ಲಿ ಮರುಮುದ್ರಣ ಕಂಡಿತು. ನಿಘಂಟಿನಿಂದ ನಮಗೆ ಪರಿಚಿತರಾದ ಬಾಸೆಲ್ ಮಿಷನ್ನಿನ ಕಿಟೆಲ್ ಅವರು 1862ರಲ್ಲಿ ಯೇಸುವಿನ ಬಾಳನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಪೋಣಿಸಿದರು. ಇವರೆಲ್ಲ ತಮ್ಮ ಧರ್ಮವನ್ನು ನಮ್ಮ ಧಾಟಿಯಲ್ಲಿ ಹೇಳಲು ಕಡಲು ದಾಟಿ ಬಂದವರು. ಅವರ ಶ್ರಮ ದೊಡ್ಡದು. ಶ್ರೀಯವರದು ಇದಕ್ಕೆ ಎದುರು ದಿಕ್ಕಿನ ನಡೆ. ಯಾರೂ ಅವರಿಗೆ ಈ ಹಾಡನ್ನು ಬೋಧಿಸಲು ತಂದಿರಲಿಲ್ಲ. ಅವರೇ ಮೆಚ್ಚಿ, ಆರಿಸಿ, ಕನ್ನಡಕ್ಕೆ ಬೇಕೆಂದು ತಂದರು. ಮತಾಂತರದ ಮಾತಿಲ್ಲದೆ, ಮತದ ಅಳುಕೂ ಇಲ್ಲದೆ ಹಾಗೆ ತಂದದ್ದರಿಂದಲೇ ಅದು ಎಲ್ಲರ ಮನೆಯ ಹಾಡಾಯಿತು.

ತಂದ ಬಗೆಯನ್ನು ಗಮನಿಸಿ. ಮೂಲದಲ್ಲಿ ಮೊದಲ ಮಾತು ‘ನಡೆಸು’ ಎಂಬ ಕ್ರಿಯಾಪದ. ಕನ್ನಡದಲ್ಲಿ ಮೊದಲು ಬರುವುದು ‘ಕರುಣಾಳು’ ಎಂಬ ಸಂಬೋಧನೆ, ಅದರ ಹಿಂದೆಯೇ ‘ಬಾ’ ಎಂಬ ಕರೆ. ದೇವರನ್ನು ಎದುರಿಗೆ ಕರೆದು ಮಾತಾಡುವ ದಾಸರ, ಶರಣರ ಸಲುಗೆ ಅದರಲ್ಲಿದೆ. ಹಾಡಿನ ಹೆಸರನ್ನೇ ಮಾತ್ರೆ ಎಣಿಸಿ ನೋಡಿ. ‘ಕರುಣಾಳು’ ಐದು ಮಾತ್ರೆ, ‘ಬಾ ಬೆಳಕೆ’ ಐದು ಮಾತ್ರೆ. ಈ ಐದರ ನಡೆ ಕನ್ನಡ ಕಿವಿಗೆ ಹೊಸದಲ್ಲ. ಮೂಲದಲ್ಲಿ ಉದ್ದ ಸಾಲಿನ ಹಿಂದೆ ಗಿಡ್ಡ ಸಾಲು ಬರುವ ಏರಿಳಿತವನ್ನೂ ಅವರು ಉಳಿಸಿಕೊಂಡರು.  ಕೈ ಹಿಡಿಯುವ ಮಾತು ಇಂಗ್ಲಿಷಿನಲ್ಲಿಲ್ಲ. ಕನ್ನಡದಲ್ಲಿ ಬೆಳಕು ಕೈ ಹಿಡಿಯುತ್ತದೆ. ಇಂಗ್ಲೆಂಡಿನ ಬಂಜರು ಬಯಲು, ಜೌಗು ನೆಲಗಳ ಬದಲು ನಮ್ಮ ಅಡವಿ, ಬೆಟ್ಟ, ಹೊಳೆಗಳು ಬಂದವು. ದೇವದೂತರ ಮುಖಗಳು ದಿವ್ಯವಾದ ಮುಖಗಳಾದವು. ಹಿಂದೆ ಗರ್ವದಿಂದ ನಡೆದೆನೆಂಬ ಪಶ್ಚಾತ್ತಾಪವನ್ನು ಮಾತ್ರ ಅವರು ಒಂದಿಷ್ಟೂ ಸಡಿಲಿಸಲಿಲ್ಲ. ಪ್ರಾರ್ಥನೆಯ ಜೀವ ಅದರಲ್ಲಿತ್ತು.

ಶ್ರೀಯವರು 1946ರ ಜನವರಿ 5ರಂದು ಧಾರವಾಡದಲ್ಲಿ ತೀರಿಕೊಂಡರು. ನ್ಯೂಮನ್ ಅವರನ್ನು 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಡಾ. ಗುರುರಾಜ ಕರಜಗಿಯವರ ಜನಪ್ರಿಯ ಅಂಕಣಮಾಲೆಗೂ ಈ ಹಾಡಿನ ಹೆಸರೇ ಸಂದಿತು. ಕನ್ನಡದಲ್ಲಿ ಇದನ್ನು ಹಾಡುವವರಲ್ಲಿ ಹೆಚ್ಚಿನವರಿಗೆ ನ್ಯೂಮನ್ ಯಾರೆಂಬುದು ತಿಳಿಯದು, ಡೈಕ್ಸ್ ಹೆಸರಂತೂ ಕೇಳಿಯೇ ಇಲ್ಲ. ಹಾಡಿಗೆ ಅದರಿಂದ ಕೊರತೆಯೇನೂ ಆಗಿಲ್ಲ. ಆದರೆ ಹಾಡುವ ನಮಗೆ ತಿಳಿದಿದ್ದರೆ ಒಳ್ಳೆಯದು. ನಮ್ಮ ಮಕ್ಕಳು ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಕೈಮುಗಿದು ಹಾಡುವ ಈ ಪ್ರಾರ್ಥನೆಯಲ್ಲಿ, ಗಾಳಿ ನಿಂತ ಹಡಗಿನ ಮೇಲೆ ಕುಳಿತ ಒಬ್ಬ ರೋಗಿಯ ಹಂಬಲವಿದೆ. ಬೇರೆ ಸಭೆಯ ಪಾದ್ರಿಯೊಬ್ಬರು ಅದಕ್ಕೆ ಕೊಟ್ಟ ರಾಗದ ಋಣವಿದೆ. ಕನ್ನಡ ಯಾವ ಭಾವಕ್ಕೂ ಸಾಲದ ಭಾಷೆಯಲ್ಲ ಎಂದು ತೋರಿಸಲು ಹೊರಟ ಸಂಪಿಗೆಯ ಮಗುವಿನ ಛಲವಿದೆ. ಮುಂದಿನ ಸಲ ಈ ಹಾಡು ನಿಮ್ಮ ಕಿವಿಗೆ ಬಿದ್ದಾಗ ಈ ಮೂವರನ್ನೂ ಒಮ್ಮೆ ನೆನೆಯಿರಿ.